ಮಳೆಗಾಲ ಕಳೆದ ಬೈಕಿನ ಚೈನು: ಸಡಿಲವೋ, ಸವೆತವೋ, ಬಿಗಿತವೋ ಎಂದು ಪತ್ತೆ ಹಚ್ಚುವ ಬಗೆ

ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ತುಸು ಬಿಡುವು ಕೊಡುವ ಹೊತ್ತಿಗೆ ಕೊಡಗಿನ ಬೈಕುಗಳ ಹಿಂಚಕ್ರದ ಬಳಿ ಒಂದು ಸದ್ದು ಎದ್ದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ತೋಟದ ಕೆಂಪು ಕೆಸರಿನಲ್ಲಿ ಓಡಿದ ಗಾಡಿ ಗೇರ್ ಬದಲಿಸುವಾಗ ಜಗ್ಗಿದಂತಾಗುತ್ತದೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಕಟಕಟ ಎನ್ನುತ್ತದೆ, ಏರಿನಲ್ಲಿ ಒಮ್ಮೊಮ್ಮೆ ಗರಗರ ಎನ್ನುತ್ತದೆ. ಇದನ್ನು ಕೇಳಿದ ಕೂಡಲೇ ನಾವೆಲ್ಲ ಹೇಳುವ ಮಾತು ಒಂದೇ: ಚೈನ್ ಲೂಸ್ ಆಗಿದೆ, ಟೈಟ್ ಮಾಡಿಸಬೇಕು. ಹತ್ತರಲ್ಲಿ ಕೆಲವು ಸಲ ಅದು ಸರಿಯೂ ಇರುತ್ತದೆ. ಉಳಿದ ಸಲ ಮಾತ್ರ ಸ್ಪ್ಯಾನರ್ ಹಿಡಿದು ಬಿಗಿ ಮಾಡಿದ ಕೈಯೇ ಗಾಡಿಗೆ ಹೆಚ್ಚಿನ ಹಾನಿ ಮಾಡಿರುತ್ತದೆ.

ನಾಪೋಕ್ಲು ಕಡೆಯ ನಮ್ಮ ಮನೆಯ 100 ಸಿಸಿ ಬೈಕಿನ ಚೈನನ್ನು ಒಂದೇ ಮಳೆಗಾಲದಲ್ಲಿ ಮೂರು ಸಲ ಬಿಗಿ ಮಾಡಿಸಿದ್ದೆವು. ಮಾಡಿಸಿದ ಎರಡು ದಿನ ಸದ್ದು ಅಡಗುತ್ತಿತ್ತು, ಮೂರನೆಯ ದಿನ ಮತ್ತೆ ಏಳುತ್ತಿತ್ತು. ಅಕ್ಟೋಬರ್‌ನಲ್ಲಿ ಮುಂದಿನ ಸ್ಪ್ರಾಕೆಟ್‌ನ, ಅಂದರೆ ಚೈನು ಸುತ್ತುವ ಹಲ್ಲುಚಕ್ರದ, ಮುಚ್ಚಳದ ಕೆಳಗಿನಿಂದ ಎಂಜಿನ್ ಆಯಿಲ್ ತೊಟ್ಟಿಕ್ಕತೊಡಗಿತು. ಬಿಚ್ಚಿ ನೋಡಿದಾಗ ಆಯಿಲ್ ಸೀಲ್ ಹರಿದಿತ್ತು, ಅದರ ಹಿಂದೆ ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟ್‌ನ ಬೇರಿಂಗ್ ಅಲುಗಾಡುತ್ತಿತ್ತು. ಚೈನು ಸಡಿಲವಾಗಿತ್ತು ಎಂಬುದು ಅರ್ಧ ಸತ್ಯವಷ್ಟೇ ಆಗಿತ್ತು. ಅದರ ಒಂದು ಭಾಗ ಸಡಿಲವಾಗಿತ್ತು, ಇನ್ನೊಂದು ಭಾಗ ಮೊದಲೇ ಬಿಗಿಯಾಗಿತ್ತು, ಮತ್ತು ನಾವು ಮೂರು ಸಲವೂ ಸಡಿಲ ಭಾಗವನ್ನು ನೋಡಿಯೇ ಬಿಗಿ ಮಾಡಿದ್ದೆವು. ಆ ಬೇರಿಂಗ್ ಬದಲಿಸಲು ಎಂಜಿನ್ನನ್ನೇ ಇಳಿಸಬೇಕಾಯಿತು. ಚೈನಿನ ವಿಷಯದಲ್ಲಿ ಪತ್ತೆ ಮೊದಲು, ಸ್ಪ್ಯಾನರ್ ಆಮೇಲೆ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಅದೇ ಕಾರಣ.

ಕೆಲಸಕ್ಕೆ ತೊಡಗುವ ಮುನ್ನ

ಎಂಜಿನ್ ಆಫ್ ಆಗಿರಬೇಕು, ಕೀಲಿ ಜೇಬಿನಲ್ಲಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಒಂದನೇ ಗೇರ್‌ನಲ್ಲಿ ಎಂಜಿನ್ ಓಡಿಸುತ್ತಾ ಬಟ್ಟೆಯಿಂದ ಚೈನ್ ಒರೆಸುವ ಅಭ್ಯಾಸ ಕೆಲವರಲ್ಲಿದೆ. ಬಟ್ಟೆಯ ತುದಿ ಸ್ಪ್ರಾಕೆಟ್‌ಗೆ ಸಿಕ್ಕಿಕೊಂಡರೆ ಅದರೊಂದಿಗೆ ಬೆರಳೂ ಹೋಗುತ್ತದೆ. ಕೈ ಹಿಂದೆಗೆದುಕೊಳ್ಳಲು ಅರ್ಧ ಕ್ಷಣವೂ ಸಿಗುವುದಿಲ್ಲ.

ಕೊಳೆ ಮೆತ್ತಿದ ಚೈನನ್ನು ಅಳೆದರೆ ಅಳತೆ ತಪ್ಪುತ್ತದೆ. ಆದ್ದರಿಂದ ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಮೆದು ಬ್ರಶ್ಶಿನಿಂದ ಚೈನನ್ನು ತೊಳೆದು ಒರೆಸಿ ಒಣಗಿಸಬೇಕು. ಕೊಂಡಿಗಳ ನಡುವೆ ಸಣ್ಣ ರಬ್ಬರ್ ಉಂಗುರಗಳಿರುವ ಚೈನಿಗೆ ಪೆಟ್ರೋಲ್ ತಾಗಿಸಬಾರದು, ತಂತಿಯ ಬ್ರಶ್ಶನ್ನೂ ಬಳಸಬಾರದು, ಏಕೆಂದರೆ ಒಳಗಿನ ಗ್ರೀಸನ್ನು ಕಾಪಾಡುವುದು ಆ ಉಂಗುರಗಳೇ. ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸ್‌ನಲ್ಲಿ ಜೋರು ನೀರು ಹಾಯಿಸಿ ತೊಳೆಸುವಾಗ ಪೈಪನ್ನು ಚೈನಿನ ಮೇಲೆ ನೇರವಾಗಿ ಹಿಡಿಯದಂತೆ ಹೇಳುವುದು ಒಳ್ಳೆಯದು. ಹೊರಗಿನ ಕೆಸರು ಹೋದಂತೆ ಕಂಡರೂ ಆ ಒತ್ತಡಕ್ಕೆ ನೀರು, ನೀರಿನೊಂದಿಗೆ ಸಣ್ಣ ಮರಳು, ಪಿನ್ನಿನ ಸಂದಿಗೆ ನುಗ್ಗುತ್ತದೆ.

ಸದ್ದನ್ನು ಕೇಳಿ ಗುರುತಿಸುವುದು

ಸಡಿಲ ಚೈನಿನ ಸದ್ದು ಸಾಮಾನ್ಯವಾಗಿ ಆಕ್ಸಿಲರೇಟರ್ ಬಿಟ್ಟಾಗ, ಹಿಡಿದಾಗ, ಹೊಂಡಕ್ಕೆ ಇಳಿದಾಗ ಕೇಳುತ್ತದೆ. ಚೈನು ಕುಣಿದು, ಹಿಂಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮ್‌ಗೋ ಚೈನ್ ಕವರ್‌ಗೋ ಬಡಿಯುವ ಟಪಟಪ ಸದ್ದು ಅದು. ಬಿಗಿ ಚೈನು ಬಡಿಯುವುದಿಲ್ಲ. ಅದು ಕೊಂಯ್ ಎಂದು ಎಳೆದ ದನಿಯಲ್ಲಿ ಹಾಡುತ್ತದೆ, ವೇಗ ಏರಿದಂತೆ ದನಿಯೂ ಏರುತ್ತದೆ, ಹಿಂದೆ ಒಬ್ಬರು ಕುಳಿತರೆ ಇನ್ನಷ್ಟು ಹೆಚ್ಚುತ್ತದೆ. ಎಣ್ಣೆ ಒಣಗಿದ ಚೈನು ಕಿಚಕಿಚ ಎನ್ನುತ್ತದೆ, ಎಣ್ಣೆ ಬಿಟ್ಟ ಕೂಡಲೇ ಸುಮ್ಮನಾಗುತ್ತದೆ.

ಪೂರ್ತಿ ಮುಚ್ಚಿದ ಚೈನ್ ಕೇಸ್ ಇರುವ ಗಾಡಿಗಳದು ಬೇರೆಯೇ ಕಥೆ. ಕೇಸ್ ಇರುವುದು ಕೆಸರು ತಡೆಯುವುದಕ್ಕಾಗಿ, ಆದರೆ ನಮ್ಮ ತೋಟದ ದಾರಿಗಳಲ್ಲಿ ಕೆಸರು ಹೇಗೋ ಒಳಗೆ ಸೇರಿಯೇ ಸೇರುತ್ತದೆ, ಒಮ್ಮೆ ಸೇರಿದ್ದು ಹೊರಗೆ ಬರುವುದಿಲ್ಲ. ತಳದ ಸಣ್ಣ ತೂತು ಮುಚ್ಚಿಹೋದರೆ ನೀರೂ ಅಲ್ಲೇ ನಿಲ್ಲುತ್ತದೆ. ಒಳಗೆ ಗಟ್ಟಿಯಾದ ಕೆಸರಿಗೆ ಚೈನು ಉಜ್ಜುವ ಸದ್ದನ್ನೂ, ಒದೆ ತಿಂದು ತಗ್ಗಿದ ಕೇಸಿನ ತಗಡಿಗೆ ಚೈನು ತಾಗುವ ಸದ್ದನ್ನೂ ಜನ ಸಡಿಲ ಚೈನಿನ ಸದ್ದೆಂದೇ ತಿಳಿಯುತ್ತಾರೆ. ಆದ್ದರಿಂದ ರಬ್ಬರ್ ಮುಚ್ಚಳ ತೆಗೆದು ಬೆರಳು ಹಾಕಿ ನೋಡಿ ಸುಮ್ಮನಾಗದೆ, ಮಳೆಗಾಲ ಮುಗಿದ ಮೇಲೆ ಒಮ್ಮೆಯಾದರೂ ಕೇಸನ್ನು ಪೂರ್ತಿ ಬಿಚ್ಚಿ, ಒಳಗಿನ ಕೆಸರನ್ನು ಕೆರೆದು, ತಳದ ತೂತನ್ನು ಕಡ್ಡಿಯಿಂದ ಬಿಡಿಸಬೇಕು.

ಆಕ್ಸಿಲರೇಟರ್ ಹಿಡಿದಾಗಲೂ ಬಿಟ್ಟಾಗಲೂ ಒಂದೊಂದು ಧಡ್ ಎಂಬ ಜಗ್ಗು ಬಂದು, ಚೈನಿನ ಅಳತೆ ಮಾತ್ರ ಸರಿಯಿದ್ದರೆ, ಹಿಂದಿನ ಹಬ್‌ನೊಳಗಿನ, ಅಂದರೆ ಚಕ್ರದ ನಡುಭಾಗದೊಳಗಿನ, ರಬ್ಬರ್‌ಗಳನ್ನು ಸಂಶಯಿಸಬೇಕು. ಚಕ್ರವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಂದಿನ ಸ್ಪ್ರಾಕೆಟನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿ ನೋಡಿದರೆ ಸಾಕು. ಚಕ್ರ ಅಲುಗದೆ ಸ್ಪ್ರಾಕೆಟ್ ಮಾತ್ರ ಎದ್ದು ಕಾಣುವಷ್ಟು ಆಡಿದರೆ ರಬ್ಬರ್ ಸವೆದಿದೆ ಎಂದರ್ಥ. ಚೈನನ್ನು ಎಷ್ಟು ಬಿಗಿ ಮಾಡಿದರೂ ಆ ಜಗ್ಗು ಹೋಗುವುದಿಲ್ಲ.

ಬಿಗಿ ಜಾಗವನ್ನು ಹುಡುಕುವುದು

ಈ ಕೆಲಸದ ಜೀವಾಳವೇ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ, ಎರಡೂ ಸ್ಪ್ರಾಕೆಟ್‌ಗಳ ನಡುವೆ ಕೆಳಗಿನ ಚೈನಿನ ಮಧ್ಯಭಾಗವನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಒತ್ತಿ, ಅದು ಒಟ್ಟು ಎಷ್ಟು ಆಡುತ್ತದೆ ಎಂದು ಸ್ಕೇಲ್ ಹಿಡಿದು ನೋಡಬೇಕು. ಸಾಮಾನ್ಯ ಬೈಕುಗಳಿಗೆ ಈ ಆಟ 20ರಿಂದ 30 ಮಿ.ಮೀ., ಎತ್ತರದ ಸಸ್ಪೆನ್ಶನ್ ಇರುವ ಗಾಡಿಗಳಿಗೆ ಇನ್ನೂ ಹೆಚ್ಚು. ನಿಮ್ಮ ಗಾಡಿಯ ಅಂಕಿ ಮಾಲೀಕರ ಕೈಪಿಡಿಯಲ್ಲಿರುತ್ತದೆ, ಅನೇಕ ಗಾಡಿಗಳಲ್ಲಿ ಸ್ವಿಂಗ್ ಆರ್ಮ್ ಅಥವಾ ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲಿಯೂ ಇರುತ್ತದೆ, ಅಳೆಯುವಾಗ ಯಾವ ಸ್ಟ್ಯಾಂಡ್ ಹಾಕಬೇಕೆಂಬುದೂ ಅಲ್ಲೇ ಇರುತ್ತದೆ. ಪಾಲಿಸಬೇಕಾದದ್ದು ಅದನ್ನೇ.

ಒಂದು ಕಡೆ ಅಳೆದು ಬಿಡಬಾರದು. ಚಕ್ರವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಬೇಕು, ಇನ್ನೂ ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯಬೇಕು. ಚಕ್ರ ಒಂದು ಸುತ್ತು ತಿರುಗಿದರೆ ಚೈನು ಒಂದು ಸುತ್ತು ಬಂತೆಂದು ತಿಳಿಯುವುದು ತಪ್ಪು. ಮುಂದಿನ ಸ್ಪ್ರಾಕೆಟ್‌ಗೆ 14 ಹಲ್ಲು, ಹಿಂದಿನದಕ್ಕೆ 42 ಹಲ್ಲು, ಚೈನಿಗೆ 112 ಕೊಂಡಿ ಇರುವ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಚಕ್ರ ಒಂದು ಸುತ್ತು ಬಂದಾಗ 42 ಕೊಂಡಿ ಮಾತ್ರ ಸರಿದಿರುತ್ತವೆ. ಇಡೀ ಚೈನು ಒಂದು ಸಲ ಕಣ್ಣ ಮುಂದೆ ಹಾದುಹೋಗಲು ಚಕ್ರ ಎರಡು ಸುತ್ತು ಮುಗಿಸಿ ಮೂರನೆಯದರ ಮೂರನೇ ಎರಡು ಪಾಲು ಬರಬೇಕು. ಹಾಗಾಗಿ ಕನಿಷ್ಠ ಮೂರು ಸುತ್ತು ತಿರುಗಿಸದೆ ತೀರ್ಮಾನಕ್ಕೆ ಬರಬಾರದು.

ಹೀಗೆ ನೋಡುವಾಗ ಒಂದು ಜಾಗದಲ್ಲಿ 40 ಮಿ.ಮೀ. ಆಡುವ ಚೈನು ಇನ್ನೊಂದು ಜಾಗದಲ್ಲಿ 15 ಮಿ.ಮೀ. ಮಾತ್ರ ಆಡಬಹುದು. ಆಗ ಒಂದು ಸೀಮೆಸುಣ್ಣದ ತುಂಡು ತನ್ನಿ. ಅತಿ ಬಿಗಿ ಜಾಗ ಬಂದಾಗ ಕೆಳಗಿನ ಚೈನಿನ ಮಧ್ಯದ ಕೊಂಡಿಗೊಂದು ಗುರುತು, ಟೈರಿನ ಮೇಲೆ ಸ್ವಿಂಗ್ ಆರ್ಮ್‌ಗೆ ನೇರವಾಗಿ ಇನ್ನೊಂದು ಗುರುತು ಹಾಕಿ, ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಬಿಗಿತ ಮತ್ತೆ ಯಾವಾಗ ಬರುತ್ತದೆಂದು ಕಾಯಿರಿ. ಟೈರಿನ ಗುರುತು ಬಂದಾಗಲೆಲ್ಲ ಬಿಗಿತವೂ ಬಂದರೆ ದೋಷ ಹಿಂದಿನ ಸ್ಪ್ರಾಕೆಟ್‌ನಲ್ಲಿದೆ, ಇಲ್ಲವೇ ಅದು ಕುಳಿತ ಹಬ್‌ನಲ್ಲಿದೆ. ಸ್ಪ್ರಾಕೆಟ್ ನಡುಬಿಂದುವಿನಿಂದ ಸರಿದಿರಬಹುದು, ಅದರ ಬೋಲ್ಟ್ ಸಡಿಲಗೊಂಡಿರಬಹುದು. ಚಕ್ರ ಒಂದು ಸುತ್ತು ಬರುವುದರೊಳಗೆ ಮೂರು ಸಲ ಬಿಗಿತ ಬಂದರೆ, 42ನ್ನು 14ರಿಂದ ಭಾಗಿಸಿದರೆ ಬರುವುದು ಮೂರೇ ಆದ್ದರಿಂದ, ದೋಷ ಮುಂದಿನ ಸ್ಪ್ರಾಕೆಟ್‌ನದು ಅಥವಾ ಅದರ ಶಾಫ್ಟ್‌ನದು. ಟೈರಿನ ಗುರುತು ಎಲ್ಲಿದ್ದರೂ ಲೆಕ್ಕಿಸದೆ ಕೊಂಡಿಯ ಗುರುತು ಮರಳಿದಾಗ ಮಾತ್ರ ಬಿಗಿತ ಬಂದರೆ ದೋಷ ಚೈನಿನಲ್ಲಿಯೇ ಇದೆ. ಮಳೆಗಾಲ ಕಳೆದ ಬೈಕುಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಈ ಕೊನೆಯದನ್ನೇ.

ಚೈನಿನೊಳಗಿನ ಬಿಗಿತದಲ್ಲೂ ಎರಡು ಬಗೆ. ತುಕ್ಕು ಹಿಡಿದ ಒಂದೆರಡು ಕೊಂಡಿಗಳು ಮಡಚಿದಂತೆಯೇ ನಿಂತುಬಿಡುವುದು ಮೊದಲನೆಯದು. ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ, ಹಿಂದಿನ ಸ್ಪ್ರಾಕೆಟ್‌ನಿಂದ ಕೆಳಗೆ ಬಿಡಿಸಿಕೊಳ್ಳುವಾಗ ಅಂಥ ಕೊಂಡಿ ನೆಟ್ಟಗಾಗದೆ, ನೋವಿರುವ ಮೊಣಕೈಯಂತೆ ಬಾಗಿಯೇ ಇರುತ್ತದೆ. ಅದಕ್ಕೆ ಎಣ್ಣೆ ಬಿಟ್ಟು, ಎರಡು ಕೈಯಲ್ಲಿ ಹಿಡಿದು ಆಚೀಚೆ ಮಡಚುತ್ತಾ ಬಿಡಿಸಿದರೆ ಬಹಳ ಸಲ ಚೈನು ಉಳಿಯುತ್ತದೆ, ಸದ್ದೂ ಹೋಗುತ್ತದೆ, ಚಕ್ರವನ್ನು ಹಿಂದೆ ಸರಿಸಿ ಚೈನು ಬಿಗಿ ಮಾಡುವ ಅಡ್ಜಸ್ಟರ್ ಮುಟ್ಟಬೇಕಾಗಿಯೇ ಬರುವುದಿಲ್ಲ. ಎರಡನೆಯದು ಅಸಮ ಸವೆತ, ಅಂದರೆ ಕೆಲವು ಕೊಂಡಿಗಳು ಹೆಚ್ಚು ಸವೆದು ಉದ್ದವಾಗಿ, ಉಳಿದವು ಹಾಗೆಯೇ ಇರುವುದು. ಅದಕ್ಕೆ ಹೊಸ ಚೈನೇ ಪರಿಹಾರ. ಬದಲಿಸುವವರೆಗೆ ಓಡಿಸಲೇಬೇಕಾದರೆ ಬಿಗಿ ಜಾಗದಲ್ಲಿ ಅಳತೆ ಸರಿ ಬರುವಂತೆ ಇಟ್ಟು, ಸಡಿಲ ಜಾಗದ ಸದ್ದನ್ನು ಸಹಿಸಿಕೊಂಡು ನಿಧಾನವಾಗಿ ಓಡಿಸಬೇಕು. ಸಡಿಲ ಭಾಗ ಮಿತಿ ಮೀರಿ ಆಡುತ್ತಿದ್ದರೆ ಅದೂ ಸಲ್ಲದು, ಸ್ಪ್ರಾಕೆಟ್‌ನಿಂದ ಜಾರಿದ ಚೈನು ಚಕ್ರವನ್ನೇ ಹಿಡಿದು ನಿಲ್ಲಿಸಬಲ್ಲದು.

ಸವೆತವನ್ನು ಅಳೆಯುವುದು

ಚೈನು ಹಿಗ್ಗಿದೆ ಎನ್ನುತ್ತೇವೆ, ಆದರೆ ಉಕ್ಕಿನ ಪಟ್ಟಿಗಳು ಎಳೆತಕ್ಕೆ ಹಿಗ್ಗುವುದಿಲ್ಲ. ಪಿನ್ನೂ ಅದರ ಸುತ್ತಲಿನ ಬುಷ್ಷೂ ಒಂದನ್ನೊಂದು ತಿಕ್ಕಿ ಸವೆಯುತ್ತವೆ, ಕೂದಲೆಳೆಯಷ್ಟು ಸವೆತ ನೂರಕ್ಕೂ ಹೆಚ್ಚು ಕಡೆ ಸೇರಿ ಚೈನು ಉದ್ದವಾಗುತ್ತದೆ. ಎಣ್ಣೆಯೊಂದಿಗೆ ಬೆರೆತ ಸಣ್ಣ ಮರಳು ಈ ಸಂದಿಗಳಲ್ಲಿ ಅರೆಯುವ ಪುಡಿಯಂತೆ ಕೆಲಸ ಮಾಡುತ್ತದೆ. ಹಳೆಯ ಎಂಜಿನ್ ಆಯಿಲ್ ಅನ್ನು ಚೈನಿಗೆ ಸುರಿಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ, ಅದರಲ್ಲಿ ಕೊಳೆ ಮೊದಲೇ ಬೆರೆತಿರುತ್ತದೆ.

ಅಳೆಯುವುದು ಸುಲಭ. ಸಣ್ಣ ಬೈಕುಗಳ 428 ಸಂಖ್ಯೆಯ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಚೈನನ್ನು ಎಳೆದು ಹಿಡಿದು 21 ಪಿನ್ನುಗಳನ್ನು ಎಣಿಸಿದರೆ ನಡುವೆ 20 ಕೊಂಡಿಗಳಿರುತ್ತವೆ, ಹೊಸ ಚೈನಿನಲ್ಲಿ ಅದು 254 ಮಿ.ಮೀ. ಬರಬೇಕು. 259 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಶೇಕಡಾ 2ರಷ್ಟು ಸವೆದಿದೆ ಎಂದರ್ಥ, ಅದರ ಆಯುಷ್ಯ ಮುಗಿದಿದೆ. ದೊಡ್ಡ ಗಾಡಿಗಳ 520 ಅಥವಾ 525 ಸಂಖ್ಯೆಯ ಚೈನಿಗೆ ಇದೇ ಅಳತೆ 317.5 ಮಿ.ಮೀ.ಯಿಂದ ಶುರುವಾಗಿ 324ರ ಹತ್ತಿರ ಮುಗಿಯುತ್ತದೆ. ಕನಿಷ್ಠ ಮೂರು ಬೇರೆ ಬೇರೆ ಕಡೆ ಅಳೆಯಿರಿ. ಸ್ಕೇಲ್ ಕೈಗೆ ಸಿಗದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ, ಚೈನು ಸುತ್ತಿಕೊಂಡ ಜಾಗದ ನಟ್ಟನಡುವೆ, ಒಂದು ಕೊಂಡಿಯನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧ ಭಾಗ ಕಾಣುವಷ್ಟು ಅದು ಎದ್ದು ಬಂದರೆ ಮತ್ತೆ ಅಳೆಯುವ ಅಗತ್ಯವೇ ಇಲ್ಲ.

ಸ್ಪ್ರಾಕೆಟ್‌ನ ಹಲ್ಲುಗಳು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಚೈನು, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯ ಸ್ಪ್ರಾಕೆಟ್‌ಗೆ ಹೊಸ ಚೈನು ಹಾಕಿದರೆ ಆ ಹೊಸ ಚೈನು ಬೇಗನೆ ಹಳೆಯದರ ಗತಿಗೇ ಬರುತ್ತದೆ. ಹಣ ಉಳಿಸಲು ಚೈನ್ ಮಾತ್ರ ಹಾಕಿಸಿದವರು ವರ್ಷ ತುಂಬುವುದರೊಳಗೆ ಇಡೀ ಕಿಟ್ ಕೊಂಡದ್ದನ್ನು ನಮ್ಮ ಊರಿನಲ್ಲೇ ನೋಡಿದ್ದೇನೆ.

ಬಿಗಿ ಮಾಡುವ ಕ್ರಮ

ಚೈನು ಸ್ವಚ್ಛವಾಗಿದೆ, ಕೊಂಡಿಗಳು ಸರಾಗವಾಗಿ ಮಡಚುತ್ತಿವೆ, ಸವೆತ ಮಿತಿಯೊಳಗಿದೆ, ಅತಿ ಬಿಗಿ ಜಾಗದಲ್ಲೂ ಆಟ ಹೆಚ್ಚಾಗಿದೆ ಎಂದು ಖಚಿತವಾದ ಮೇಲೆ ಸ್ಪ್ಯಾನರ್ ತೆಗೆಯಬಹುದು. ಅತಿ ಬಿಗಿ ಜಾಗವನ್ನು ಕೆಳಗಿನ ಸಾಲಿನ ನಡುವಿಗೆ ತಂದು ನಿಲ್ಲಿಸಿ. ಚಕ್ರದ ಅಚ್ಚಿನ, ಅಂದರೆ ಆಕ್ಸೆಲ್‌ನ, ನಟ್‌ಗೆ ಅದು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ತೆಗೆದು, ನಟ್ಟನ್ನು ಚಕ್ರ ಸರಿಯುವಷ್ಟು ಮಾತ್ರ ಸಡಿಲಿಸಿ. ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ಆರ್ಮ್‌ನ ನಟ್ಟನ್ನೂ ಸಡಿಲಿಸಬೇಕಾಗಬಹುದು, ಮರೆಯದೆ ಮತ್ತೆ ಬಿಗಿ ಮಾಡಬೇಕಾದದ್ದೂ ಅದನ್ನೇ. ಅದು ಬಿಟ್ಟುಹೋದರೆ ಬ್ರೇಕ್ ಒತ್ತಿದಾಗ ಇಡೀ ಪ್ಲೇಟ್ ಸುತ್ತಿಕೊಳ್ಳುತ್ತದೆ.

ಅಡ್ಜಸ್ಟರ್ ನಟ್‌ಗಳನ್ನು ಎರಡೂ ಬದಿಯಲ್ಲಿ ಒಂದೇ ಅಳತೆಗೆ, ನಟ್‌ನ ಒಂದೊಂದು ಮುಖದಂತೆ ತಿರುಗಿಸಿ. ಎಷ್ಟು ಕಡಿಮೆ ತಿರುಗಿಸಿದರೆ ಸಾಕು ಎಂಬುದು ಲೆಕ್ಕ ಹಾಕಿದವರಿಗೇ ಅಚ್ಚರಿ ತರುತ್ತದೆ. ಎರಡು ಸ್ಪ್ರಾಕೆಟ್‌ಗಳ ನಡುವೆ ಸುಮಾರು 55 ಸೆಂ.ಮೀ. ದೂರವಿರುವ ಗಾಡಿಯಲ್ಲಿ ಚೈನಿನ ಆಟವನ್ನು 50 ಮಿ.ಮೀ.ಯಿಂದ 30ಕ್ಕೆ ಇಳಿಸಲು ಚಕ್ರ ಹಿಂದಕ್ಕೆ ಒಂದು ಮಿ.ಮೀ. ಕೂಡ ಸರಿಯಬೇಕಾಗಿಲ್ಲ, ಮುಕ್ಕಾಲು ಮಿ.ಮೀ. ಸಾಕು. 8 ಮಿ.ಮೀ. ದಪ್ಪದ ಅಡ್ಜಸ್ಟರ್ ಬೋಲ್ಟ್‌ನ ಸಾಮಾನ್ಯ ತಿರುಪು ಒಂದು ಸುತ್ತಿಗೆ 1.25 ಮಿ.ಮೀ. ಸರಿಯುತ್ತದೆ, ಅಂದರೆ ಅರ್ಧ ಸುತ್ತಿಗಿಂತ ತುಸು ಹೆಚ್ಚು ತಿರುಗಿಸಿದರೆ ಕೆಲಸ ಮುಗಿಯಿತು. ಅವಸರದಲ್ಲಿ ಎರಡು ಸುತ್ತು ತಿರುಗಿಸಿದ ಚೈನು ವೀಣೆಯ ತಂತಿಯಂತಾಗುವುದರಲ್ಲಿ ಆಶ್ಚರ್ಯವಿಲ್ಲ.

ಸ್ವಿಂಗ್ ಆರ್ಮ್‌ನ ಗೀಟುಗಳನ್ನು ಎರಡೂ ಬದಿ ಸಮ ಮಾಡಿದ ಮೇಲೂ ಅವುಗಳನ್ನೇ ಪೂರ್ತಿ ನಂಬಬೇಡಿ. ಹಿಂದೆ ಕುಳಿತು ಒಂದು ಕಣ್ಣು ಮುಚ್ಚಿ ಚೈನಿನ ಮೇಲಿನ ಸಾಲನ್ನು ನೋಡಿದರೆ, ಚಕ್ರ ಓರೆಯಾಗಿದ್ದಾಗ ಚೈನು ಹಿಂದಿನ ಸ್ಪ್ರಾಕೆಟ್‌ನಿಂದ ಹೊರಡುವಲ್ಲಿ ಸೊಟ್ಟಗೆ ಕಾಣುತ್ತದೆ. ಬಹಳ ದಿನ ಓರೆಯಲ್ಲೇ ಓಡಿದ ಗಾಡಿಯಲ್ಲಿ ಸ್ಪ್ರಾಕೆಟ್ ಹಲ್ಲುಗಳ ಒಂದು ಪಕ್ಕ ಮಾತ್ರ ಉಜ್ಜಿ ಹೊಳೆಯುತ್ತಿರುತ್ತದೆ. ಸ್ವಿಂಗ್ ಆರ್ಮ್ ತಿರುಗುವ ಬೋಲ್ಟ್‌ನಿಂದ ಆಕ್ಸೆಲ್‌ನ ನಡುವಿನವರೆಗೆ ಎರಡೂ ಬದಿ ಟೇಪಿನಲ್ಲಿ ಅಳೆದು ಹೋಲಿಸುವುದು ಇದಕ್ಕಿಂತ ಗಟ್ಟಿ ವಿಧಾನ.

ಆಕ್ಸೆಲ್ ನಟ್ ಬಿಗಿ ಮಾಡುವಾಗ ಚಕ್ರ ತುಸು ಸರಿದು ಅಳತೆ ಬದಲಾಗುವುದುಂಟು. ಕೆಳಗಿನಿಂದ ಚೈನು ಹಿಂದಿನ ಸ್ಪ್ರಾಕೆಟ್‌ಗೆ ಸೇರುವ ಜಾಗದಲ್ಲಿ ಮಡಚಿದ ಬಟ್ಟೆಯನ್ನಿಟ್ಟು, ಬೆರಳನ್ನು ಪೂರ್ತಿ ದೂರ ತೆಗೆದು, ಬಟ್ಟೆ ಹಲ್ಲಿಗೆ ಸಿಕ್ಕುವಂತೆ ಚಕ್ರವನ್ನು ತುಸು ಮುಂದಕ್ಕೆ ತಿರುಗಿಸಿದರೆ ಆಕ್ಸೆಲ್ ಅಡ್ಜಸ್ಟರ್‌ಗೆ ಒತ್ತಿಕೊಂಡು ನಿಲ್ಲುತ್ತದೆ. ಹಾಗೆ ನಿಂತಾಗಲೇ ನಟ್ಟನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ತಂದು, ಬಟ್ಟೆ ತೆಗೆದು, ಹೊಸ ಸ್ಪ್ಲಿಟ್ ಪಿನ್ ಹಾಕಿ, ಮತ್ತೆ ಅಳೆಯಬೇಕು.

ಇನ್ನೊಂದು ಪರೀಕ್ಷೆಯನ್ನು ನಮ್ಮ ಕಡೆಯವರು ಬಿಡಲೇಬಾರದು. ಸ್ವಿಂಗ್ ಆರ್ಮ್ ತಿರುಗುವ ಬಿಂದುವೂ ಮುಂದಿನ ಸ್ಪ್ರಾಕೆಟ್‌ನ ನಡುವೂ ಒಂದೇ ಜಾಗದಲ್ಲಿಲ್ಲ, ಹಾಗಾಗಿ ಭಾರ ಬಿದ್ದು ಚಕ್ರ ಮೇಲೇರಿದಂತೆ ಚೈನು ಬಿಗಿಯಾಗುತ್ತಾ ಹೋಗುತ್ತದೆ. ಸ್ಪ್ರಾಕೆಟ್, ಆ ಬಿಂದು, ಆಕ್ಸೆಲ್ ಮೂರೂ ಒಂದೇ ಗೆರೆಗೆ ಬಂದಾಗ ಬಿಗಿತ ತುತ್ತತುದಿ ಮುಟ್ಟುತ್ತದೆ. ಖಾಲಿ ಗಾಡಿಯಲ್ಲಿ ಸರಿಯಾಗಿಯೇ ಕಾಣುವ ಚೈನು, 50 ಕಿಲೋ ಗೊಬ್ಬರದ ಮೂಟೆ ಹೇರಿ ಕಕ್ಕಬ್ಬೆಯ ಏರು ಹತ್ತುವಾಗ ತಂತಿಯಂತೆ ಸೆಟೆದಿರಬಹುದು. ಗಾಡಿಯನ್ನು ಸ್ಟ್ಯಾಂಡ್‌ನಿಂದ ಇಳಿಸಿ, ಇಬ್ಬರನ್ನು ಕೂರಿಸಿ, ಬಗ್ಗಿ ಚೈನನ್ನು ಮುಟ್ಟಿ ನೋಡಿ. ಆಗಲೂ ಅದು ಬೆರಳಿಗೆ ಆಡಬೇಕು. ಆಡದಿದ್ದರೆ, ಸ್ಕೇಲ್ ಏನೇ ಹೇಳಲಿ, ತುಸು ಸಡಿಲಿಸಬೇಕು. ಸಂಶಯ ಬಂದಾಗ ಸಡಿಲದ ಕಡೆಗೇ ವಾಲಿರಿ, ಮಿತಿಯೊಳಗೆ ತುಸು ಹೆಚ್ಚು ಆಡುವ ಚೈನು ಸದ್ದು ಮಾಡೀತು, ಬಿಗಿಯಾದದ್ದು ಬೇರಿಂಗನ್ನು ತಿನ್ನುತ್ತದೆ.

ಆಮೇಲೆ ನೋಡಬೇಕಾದವು

ಚಕ್ರ ಹಿಂದಕ್ಕೆ ಸರಿದರೆ ಡ್ರಮ್ ಬ್ರೇಕಿನ ರಾಡ್ ಜಗ್ಗಿಕೊಳ್ಳುತ್ತದೆ, ಪೆಡಲ್‌ನ ಖಾಲಿ ಆಟ ಕಡಿಮೆಯಾಗುತ್ತದೆ. ಇದನ್ನು ಗಮನಿಸದೆ ಓಡಿಸಿದರೆ ಬ್ರೇಕ್ ಸದಾ ತುಸು ಹಿಡಿದೇ ಇದ್ದು ಡ್ರಮ್ ಕಾಯುತ್ತದೆ. ರಾಡಿನ ತುದಿಯ ನಟ್ ತಿರುಗಿಸಿ ಪೆಡಲ್‌ಗೆ 20ರಿಂದ 30 ಮಿ.ಮೀ. ಖಾಲಿ ಆಟ ಮರಳಿ ಕೊಡಿ, ಚಕ್ರ ಕೈಯಲ್ಲಿ ಸರಾಗ ತಿರುಗುತ್ತದೆಯೇ ನೋಡಿ, ಹಿಂದಿನ ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹೊತ್ತಿ ಆರುತ್ತದೆಯೇ ಎಂಬುದನ್ನೂ ನೋಡಿ.

ಎಣ್ಣೆಗೆ 90 ನಂಬರಿನ ಗೇರ್ ಆಯಿಲ್ ಸಾಕು. ಒಂದಷ್ಟು ದೂರ ಓಡಿಸಿ ಬಂದು ಚೈನು ಬೆಚ್ಚಗಿರುವಾಗ, ಕೆಳಗಿನ ಸಾಲಿನ ಒಳಮೈಗೆ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಹನಿ ಹನಿಯಾಗಿ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಹೊರಗಿನದನ್ನು ಒರೆಸಬೇಕು. ಭಾಗಮಂಡಲದ ಕಡೆಯ ಜಡಿಮಳೆಯಲ್ಲಿ ಓಡುವ ಗಾಡಿಗೆ ವಾರಕ್ಕೆ ಒಂದೆರಡು ಸಲ ಬೇಕಾದರೆ, ಕುಶಾಲನಗರದ ಕಡೆ ಅಷ್ಟು ಬೇಡ. ಡಿಸೆಂಬರ್ ನಂತರ ಕಾಫಿ ಕುಯ್ಲಿನ ಹೊತ್ತಿಗೆ ದಾರಿಯ ಕೆಂಪು ದೂಳು ಏಳುತ್ತದೆ, ಆಗ ಎಣ್ಣೆ ಕಡಿಮೆ, ಒರೆಸುವುದು ಹೆಚ್ಚು. ಚೈನಿನ ಮೇಲೆ ಗ್ರೀಸ್ ಮೆತ್ತುವುದರಿಂದ ಲಾಭವಿಲ್ಲ, ಅದು ಪಿನ್ನಿನ ಒಳಗೆ ಇಳಿಯುವುದಿಲ್ಲ, ದೂಳನ್ನು ಮಾತ್ರ ಹಿಡಿದುಕೊಳ್ಳುತ್ತದೆ.

ಕೊನೆಗೆ ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿಗಳನ್ನು ಸೇರಿಸುವ ಕೊಂಡಿ. ಕ್ಲಿಪ್ ಇರುವ ಚೈನಿನಲ್ಲಿ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳಿದ ಬಾಯಿ ಹಿಂದಕ್ಕೆ ಇರಬೇಕು. ತಿರುವು ಮುರುವಾಗಿದ್ದರೆ ಕಲ್ಲೋ ಕಡ್ಡಿಯೋ ತಾಗಿ ಕ್ಲಿಪ್ ಬಿಚ್ಚಿಕೊಳ್ಳಬಹುದು. ಕ್ಲಿಪ್ ಪಿನ್ನುಗಳ ಕಚ್ಚಿನಲ್ಲಿ ಪೂರ್ತಿ ಕುಳಿತಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿ. ಆಮೇಲೆ ಮೂರ್ನಾಡಿನವರೆಗೋ ನಿಮಗೆ ಹತ್ತಿರದ ಯಾವುದಾದರೂ ಏರುತಗ್ಗಿನ ದಾರಿಯಲ್ಲೋ ಒಮ್ಮೆ ಹೋಗಿ ಬಂದು, ಎಂಜಿನ್ ಆರಿಸಿ, ಸೀಮೆಸುಣ್ಣದ ಗುರುತಿನ ಕೊಂಡಿಯನ್ನು ಮತ್ತೆ ಕೆಳಗಿನ ಸಾಲಿನ ನಡುವಿಗೆ ತಂದು ಅಳೆಯಿರಿ.